ನೀಲಿ ಮಾತ್ರೆಯ ಹಿಂದಿನ ಕಥೆ

ಸರ್ಕಾರಿ ಶಾಲೆಗಳಲ್ಲಿ ಹದಿಹರೆಯದ ಹುಡುಗಿಯರಿಗೆ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯಲ್ಲಿ ಮುಖ್ಯವಾಗಿ ಇರುವುದು ಎರಡೇ ವಸ್ತು: ಕಬ್ಬಿಣ ಮತ್ತು ಫೋಲಿಕ್ ಆಮ್ಲ. ಎರಡನೆಯದರ ಚರಿತ್ರೆ ಮುಂಬಯಿಯ ಬಡ ಹೆಂಗಸರ ರಕ್ತದೊಂದಿಗೆ ಬೆಸೆದುಕೊಂಡಿದೆ.

ಬಟ್ಟೆ ಗಿರಣಿಗಳ ಕೆಲಸಗಾರ್ತಿಯರು ಗರ್ಭಿಣಿಯರಾದಾಗ ಬರುತ್ತಿದ್ದ ತೀವ್ರ ರಕ್ತಹೀನತೆಯ ಕಾರಣ ಹುಡುಕಲು 1928ರಲ್ಲಿ ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ ಅಲ್ಲಿಗೆ ಬಂದರು. ಬೇರೆ ಬೇರೆ ವರ್ಗ, ಸಮುದಾಯಗಳ ಮಹಿಳೆಯರ ಊಟ, ವಾಸದ ಸ್ಥಿತಿಗಳನ್ನು ಅವರು ಹೋಲಿಸಿ ನೋಡಿದರು. ಸೊಪ್ಪು, ಹಣ್ಣು, ಹಾಲು, ಮಾಂಸ ಅಪರೂಪವಾಗಿದ್ದ ಮನೆಗಳತ್ತಲೇ ಕಾಯಿಲೆ ಬೊಟ್ಟು ಮಾಡಿತು. ಬಡವರ ಆಹಾರವನ್ನೇ ತಿನ್ನಿಸಿ ರಕ್ತಹೀನತೆ ಬರಿಸಿದ್ದ ಪ್ರಯೋಗದ ಕೋತಿ ಚೇತರಿಸಿಕೊಂಡದ್ದು ಮಾರ್ಮೈಟ್‌ನಿಂದ. ಬಿಯರ್ ತಯಾರಿಕೆಯಲ್ಲಿ ಉಳಿಯುವ ಯೀಸ್ಟ್‌ನಿಂದ ಮಾಡಿದ, ಬ್ರೆಡ್ಡಿಗೆ ಹಚ್ಚಿಕೊಳ್ಳುವ ಅಗ್ಗದ ಕಪ್ಪು ಲೇಹ್ಯವದು! ಗರ್ಭಿಣಿಯರಿಗೂ ಅದರಿಂದ ಗುಣವಾಯಿತು. 1931ರಲ್ಲಿ ವಿಲ್ಸ್ ಇದನ್ನು ಪ್ರಕಟಿಸಿದರು. ಹತ್ತು ವರ್ಷದ ನಂತರ ಅಮೆರಿಕದಲ್ಲಿ ಪಾಲಕ್ ಸೊಪ್ಪಿನಿಂದ ಇದೇ ಸತ್ವವನ್ನು ಬೇರ್ಪಡಿಸಿ, ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ 'ಫೋಲಿಕ್' ಎಂದು ಕರೆಯಲಾಯಿತು.

ಆ ಕಾಲದಲ್ಲಿ ಹದಿಹರೆಯದ ಹುಡುಗಿ ಎಂಬ ಪ್ರತ್ಯೇಕ ಗುಂಪೇ ವೈದ್ಯರ ಲೆಕ್ಕದಲ್ಲಿರಲಿಲ್ಲ ಎನ್ನಬಹುದು. 1929ರ ಶಾರದಾ ಕಾಯ್ದೆ ಹೆಣ್ಣಿನ ಮದುವೆಗೆ ನಿಗದಿ ಮಾಡಿದ ಕನಿಷ್ಠ ವಯಸ್ಸೇ 14. ಸ್ವಾತಂತ್ರ್ಯಾನಂತರವೂ ಈ ದೃಷ್ಟಿ ಬೇಗ ಬದಲಾಗಲಿಲ್ಲ. 1970ರಲ್ಲಿ ಕೇಂದ್ರ ಸರ್ಕಾರ ರಕ್ತಹೀನತೆ ತಡೆಗೆ ಮಾತ್ರೆ ಹಂಚಲು ಹೊರಟಾಗ ಗಮನವೆಲ್ಲ ತಾಯಂದಿರು ಮತ್ತು ಪುಟ್ಟ ಮಕ್ಕಳ ಮೇಲೆ. ನಾಳೆ ತಾಯಿಯಾಗುವವಳು ನಡುವೆ ಬಿಟ್ಟುಹೋದಳು. ಎತ್ತರ ಬೆಳೆಯುವ, ಮುಟ್ಟು ಆರಂಭವಾಗುವ, ಕಬ್ಬಿಣ ಅತಿ ಹೆಚ್ಚು ಬೇಕಾದ ವಯಸ್ಸು ಅದು. ದೇಶವ್ಯಾಪಿಯಾಗಿ ವಾರದ ಮಾತ್ರೆ ಅವಳಿಗೆ ಸಿಕ್ಕಿದ್ದು 2012ರ ನಂತರ.

ರಕ್ತಹೀನತೆ ಕೊಳೆಗೇರಿಯ ಕಾಯಿಲೆ ಎಂದು ಬಡಾವಣೆಯವರು ನಿಶ್ಚಿಂತೆಯಿಂದ ಇರುವಂತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆ ಕಂಡುಬಂತು. ಅದೇ ವಯಸ್ಸಿನ ಹುಡುಗರಲ್ಲಿ ಶೇ. 31. ಬಡತನ ಹೆಚ್ಚಿದಂತೆ ಮಹಿಳೆಯರಲ್ಲಿ ಇದರ ಪ್ರಮಾಣ ಏರುತ್ತದೆ, ನಿಜ. ಆದರೆ ಅತ್ಯಂತ ಅನುಕೂಲಸ್ಥ ಮನೆಗಳ ಮಹಿಳೆಯರಲ್ಲೂ ಸುಮಾರು ಅರ್ಧದಷ್ಟು ಮಂದಿಗೆ ಅದು ಇದೆ. ಕೊಳೆಗೇರಿಯ ಹುಡುಗಿಗೆ ಅನ್ನದ ಜೊತೆಗೆ ಬೇಳೆ, ತರಕಾರಿ ಸಾಲದು. ಬಡಾವಣೆಯ ಹುಡುಗಿ ಬೆಳಗಿನ ತಿಂಡಿ ಬಿಟ್ಟು ಬೇಕರಿ ಪಫ್ಸ್ ತಿಂದರೆ ಹೊಟ್ಟೆ ತುಂಬುತ್ತದೆ, ರಕ್ತಕ್ಕೆ ಏನೂ ಸೇರುವುದಿಲ್ಲ. ಸೊಪ್ಪು, ರಾಗಿಯ ಕಬ್ಬಿಣವನ್ನು ದೇಹ ಸ್ವಲ್ಪವೇ ಹೀರುತ್ತದೆ; ಊಟದ ಜೊತೆ ಕಾಫಿ, ಟೀ ಕುಡಿದರೆ ಅದೂ ಕಡಿಮೆ. ನಿಂಬೆರಸ ಹಿಂಡಿಕೊಂಡರೆ ಹೆಚ್ಚು.

ನೀಲಿ ಮಾತ್ರೆಯ ಯೋಜನೆ ರೂಪುಗೊಂಡದ್ದು ಸರ್ಕಾರಿ, ಅನುದಾನಿತ ಶಾಲೆಗಳಿಗೆ. ಶಾಲೆ ಬಿಟ್ಟ ಹುಡುಗಿಯರಿಗೆ ಅಂಗನವಾಡಿಯಲ್ಲಿ ಸಿಗುತ್ತದೆ. ದುಬಾರಿ ಶುಲ್ಕದ ಖಾಸಗಿ ಶಾಲೆಗೆ ಹೋಗುವವಳು ಆಗಾಗ ಸುಸ್ತು ಎಂದರೆ ಮನೆಯವರು ಪರೀಕ್ಷೆಯ ಒತ್ತಡವೆಂದು ಸುಮ್ಮನಾಗುವುದೇ ಹೆಚ್ಚು. ರಕ್ತ ಪರೀಕ್ಷೆ ಮಾಡಿಸುವವರೆಗೆ ಅವಳ ಕೊರತೆ ಯಾರ ಲೆಕ್ಕಕ್ಕೂ ಬರುವುದಿಲ್ಲ.