ಸೆಸಮಿ ಸ್ಟ್ರೀಟ್ ಮತ್ತು ಮಕ್ಕಳ ಶೋಕ

ಅಮೆರಿಕದ ಮಕ್ಕಳ ಟಿವಿ ಕಾರ್ಯಕ್ರಮ ‘ಸೆಸಮಿ ಸ್ಟ್ರೀಟ್’ (ಆರಂಭ: 1969) ಪುಟ್ಟ ಮಕ್ಕಳ ಮುಂದೆ ಸಾವಿನ ಮಾತನ್ನು ಮುಚ್ಚುಮರೆಯಿಲ್ಲದೆ ಎತ್ತಿದ್ದಕ್ಕೆ ಹೆಸರಾಗಿದೆ. ಅದರಲ್ಲಿ ಅಂಗಡಿಯ ಮಿಸ್ಟರ್ ಹೂಪರ್ ಪಾತ್ರ ಮಾಡುತ್ತಿದ್ದ ವಿಲ್ ಲೀ 1982ರ ಡಿಸೆಂಬರಿನಲ್ಲಿ ತೀರಿಕೊಂಡರು. ಬೇರೊಬ್ಬ ನಟನನ್ನು ತರಬಹುದಿತ್ತು, ಹೂಪರ್ ಊರು ಬಿಟ್ಟರೆಂದು ಕತೆ ಕಟ್ಟಬಹುದಿತ್ತು. ಆದರೆ ನಿರ್ಮಾಪಕರು ಹೂಪರ್ ಸತ್ತರೆಂದೇ ಹೇಳಿಸಿದರು. 1983ರ ನವೆಂಬರ್ 24ರ ಕಂತಿನಲ್ಲಿ ಹಳದಿ ಹಕ್ಕಿ ಬಿಗ್ ಬರ್ಡ್ ತಾನು ಬರೆದ ಚಿತ್ರಗಳನ್ನು ದೊಡ್ಡವರಿಗೆಲ್ಲ ಹಂಚಿ, ಹೂಪರ್ ಅವರ ಚಿತ್ರ ಹಿಡಿದು ಅವರೆಲ್ಲಿ ಎಂದು ಕೇಳುತ್ತದೆ. ಸತ್ತವರು ಮತ್ತೆ ಬರುವುದಿಲ್ಲವೆಂದು ಹೇಳುವಾಗ ದೊಡ್ಡವರ ಗಂಟಲೇ ಕಟ್ಟುತ್ತದೆ. ‘ಮಲಗಿದ್ದಾರೆ’ ಎಂಬಂಥ ಸಮಾಧಾನ ಇಲ್ಲಿಲ್ಲ. ಹಾಗೆ ಕೇಳಿದ ಮಗು ನಿದ್ದೆಗೇ ಹೆದರೀತು. ತಂದೆತಾಯಿ ಮನೆಯಲ್ಲಿದ್ದು ಮಕ್ಕಳ ಪ್ರಶ್ನೆಗೆ ಸಿಗಲೆಂದು ಪ್ರಸಾರಕ್ಕೆ ಥ್ಯಾಂಕ್ಸ್‌ಗಿವಿಂಗ್ ರಜೆಯನ್ನೇ ಆರಿಸಲಾಗಿತ್ತು.

2010ರಲ್ಲಿ ಈ ಕಾರ್ಯಕ್ರಮವನ್ನು ತಯಾರಿಸುವ ಸೆಸಮಿ ವರ್ಕ್‌ಶಾಪ್ ಸಂಸ್ಥೆ ‘ವೆನ್ ಫ್ಯಾಮಿಲೀಸ್ ಗ್ರೀವ್’ ಎಂಬ ಕಾರ್ಯಕ್ರಮವನ್ನು ಹೊರತಂದಿತು. ಇದರಲ್ಲಿ ಸೆಸಮಿ ಸ್ಟ್ರೀಟ್‌ನ ಬೊಂಬೆ ಎಲ್ಮೋನ ಸೋದರ ಸಂಬಂಧಿ ಜೆಸ್ಸಿ ಅಪ್ಪನನ್ನು ಕಳೆದುಕೊಂಡ ಹುಡುಗಿ. ಸೈನಿಕ ಕುಟುಂಬಗಳಿಗೂ ಉಳಿದವರಿಗೂ ಬೇರೆ ಬೇರೆ ಆವೃತ್ತಿಗಳಿವೆ. ವಿಡಿಯೊ, ಮಕ್ಕಳ ಚಟುವಟಿಕೆ, ಪೋಷಕರಿಗೆ ಸಲಹೆ ಅಂತರ್ಜಾಲದಲ್ಲಿ ಉಚಿತವಾಗಿ ದೊರೆತವು. ಸತ್ತವರ ನೆನಪಿನ ವಸ್ತುಗಳನ್ನು ಡಬ್ಬಿಯಲ್ಲಿ ಕೂಡಿಡುವಂಥ ಕೆಲಸ ಮಾತು ಬಾರದ ಮಗುವಿನ ಕೈಗೂ ಏನಾದರೂ ಕೊಡುತ್ತದೆ. ಆದರೆ ಪಕ್ಕದಲ್ಲಿ ದೊಡ್ಡವರೊಬ್ಬರು ಕೂರಲೇಬೇಕು. ಹದಿಹರೆಯದವರಿಗೆ ಈ ಬೊಂಬೆಗಳು ಒಗ್ಗುವುದು ಕಷ್ಟ. ಅವರಿಗೆ ದಿನಚರಿ, ಹಾಡು, ಫೋಟೊಗಳೇ ಹೆಚ್ಚು ಹತ್ತಿರ.