ದಮ್ಮು, ಮಿರಗ ಮತ್ತು ದತ್ತೂರಿಯ ಬೇರು

ರೋಹಿಣಿ ಮುಗಿದು ಮಿರಗ ಕೂಡುವ ಹೊತ್ತಿಗೆ, ಅಂದರೆ ಜೂನ್ 7-8ರ ಸುಮಾರಿಗೆ, ಅಳವಂಡಿ ಸೀಮೆಯ ಎರೆಹೊಲಗಳಲ್ಲಿ ಹೆಸರು ಬಿತ್ತುವ ಗಡಿಬಿಡಿ. ಅದೇ ಮೋಡ ಕಂಡು ಮನೆಯೊಳಗೆ ರಾತ್ರಿಯೆಲ್ಲ ಗೋಡೆಗೆ ಒರಗಿ ಕೂಡುವವರೂ ಇದ್ದಾರೆ. ಅವರು ದಮ್ಮಿನವರು. ಇದೇ ಕೊಪ್ಪಳ ತಾಲ್ಲೂಕಿನ ಕುಟಗನಹಳ್ಳಿಯಲ್ಲಿ ಮಿರಗ ಕೂಡುವ ಗಳಿಗೆಗೆ ದಮ್ಮಿನ ಔಷಧ ಕೊಡುವ ವಾಡಿಕೆ ಬಹುಕಾಲದಿಂದ ನಡೆದುಬಂದಿದ್ದು, ದೂರದ ಊರುಗಳಿಂದ ಜನ ಬಂದು ಸಾಲು ಹಚ್ಚುತ್ತಾರೆ. ಹೈದರಾಬಾದಿನ ಬತ್ತಿನಿ ಮನೆತನದವರು ಜೀವಂತ ಮೀನಿನ ಮರಿಯ ಬಾಯಲ್ಲಿಟ್ಟು ನುಂಗಿಸುವ ಮದ್ದಿಗೂ ಮಿರಗವೇ ಮುಹೂರ್ತ. ಅದು 1845ರಿಂದ ನಡೆದಿದೆ ಎಂಬುದು ಆ ಮನೆತನದ ಹೇಳಿಕೆ.

ಎರಡೂ ಕಡೆ ಮಿರಗವೇ ಏಕೆ? ಇದರ ಸುಳಿವು ಚರಕ ಸಂಹಿತೆಯಲ್ಲಿದೆ. ಶ್ವಾಸರೋಗದ ಐದು ಬಗೆಗಳಲ್ಲಿ ಒಂದಾದ ತಮಕ ಶ್ವಾಸವು ಮೋಡ, ಮಳೆ, ಥಂಡಿ ಮತ್ತು ಮೂಡಣ ಗಾಳಿಗೆ ಹೆಚ್ಚುತ್ತದೆ. ಮಲಗಿದರೆ ಸಂಕಟ, ಕುಳಿತರೆ ಹಗುರ ಎಂಬ ವರ್ಣನೆ ಅಲ್ಲಿ ಬರುತ್ತದೆ. ಇಂದಿನ ವೈದ್ಯರು ಅಸ್ತಮಾ ಎನ್ನುವುದನ್ನೇ ಹಳಬರು ಹೀಗೆ ಕಂಡಿದ್ದರು. ಮೋಡದ ಮಾತು ಬರೀ ನಂಬಿಕೆಯಲ್ಲ. 2016ರ ನವೆಂಬರ್‌ನಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರಕ್ಕೆ ಗುಡುಗುಮಳೆ ಬಂದಾಗ ಹುಲ್ಲಿನ ಪರಾಗ ಒಡೆದು ಗಾಳಿಗೆ ಬೆರೆತು, ಒಂದೇ ಸಂಜೆ ಸಾವಿರಾರು ಮಂದಿ ಉಸಿರುಕಟ್ಟಿ ಆಸ್ಪತ್ರೆ ಸೇರಿದರು.

ಪುಪ್ಪುಸಕ್ಕೆ ತಾನಾಗಿ ಗಾಳಿ ಎಳೆಯುವ ಶಕ್ತಿ ಇಲ್ಲ. ಎದೆ ಮತ್ತು ಹೊಟ್ಟೆಯ ನಡುವಿನ ವಪೆ ಎಂಬ ಸ್ನಾಯು ಕೆಳಗಿಳಿದು, ಪಕ್ಕೆಲುಬು ಅಗಲಿದಾಗ ಒಳಗೆ ಒತ್ತಡ ತಗ್ಗಿ ಗಾಳಿ ನುಗ್ಗುತ್ತದೆ. ಶ್ವಾಸನಾಳ ಮರದ ಟೊಂಗೆಯಂತೆ ಸುಮಾರು 23 ಸಲ ಕವಲೊಡೆದು, ಕೊನೆಗೆ 30 ಕೋಟಿಗೂ ಮಿಕ್ಕಿದ ಗಾಳಿಗೂಡುಗಳನ್ನು ಮುಟ್ಟುತ್ತದೆ. ಅವುಗಳ ತೆಳುಗೋಡೆ ದಾಟಿಯೇ ಆಮ್ಲಜನಕ ರಕ್ತಕ್ಕೆ ಸೇರಬೇಕು. ಸುಮ್ಮನೆ ಕುಳಿತಾಗ ಉಸಿರು ಬಿಡುವುದಕ್ಕೆ ಶ್ರಮವಿಲ್ಲ. ಹಿಗ್ಗಿದ ಪುಪ್ಪುಸ ರಬ್ಬರಿನಂತೆ ತಾನೇ ಕುಗ್ಗುತ್ತದೆ.

ದಮ್ಮು ಕೆಡಿಸುವುದು ಇದನ್ನೇ. ಸಣ್ಣ ನಾಳಗಳ ಒಳಪದರ ಬಾತು, ಸುತ್ತಲಿನ ಸ್ನಾಯು ಬಿಗಿದು, ಕಫ ತುಂಬುತ್ತದೆ. ನಾಳದ ಅಗಲ ಅರ್ಧಕ್ಕಿಳಿದರೆ ಗಾಳಿಗೆ ತಡೆ ಎರಡು ಪಟ್ಟಲ್ಲ, 16 ಪಟ್ಟಿನವರೆಗೆ ಏರುತ್ತದೆ. ಉಸಿರು ಬಿಡುವಾಗ ಈ ನಾಳಗಳು ಇನ್ನಷ್ಟು ಕಿರಿದಾಗುವುದರಿಂದ ಹಳೆಯ ಗಾಳಿ ಒಳಗೇ ಸಿಕ್ಕಿಬೀಳುತ್ತದೆ. ರೋಗಿ ‘ಉಸಿರು ತಗೊಳ್ಳಾಕ ಆಗವಲ್ದು’ ಎನ್ನುತ್ತಾನೆ. ಕಷ್ಟದ ಮೂಲ ಇರುವುದು ಬಿಡುವುದರಲ್ಲಿ. ಸುಂಯ್‌ಗುಡುವ ಸದ್ದು ಅದರದೇ.

ಬಿಗಿದ ಸ್ನಾಯುವನ್ನು ಸಡಿಲಿಸುವ ವಿದ್ಯೆಯಲ್ಲಿ ನಮ್ಮ ದಕ್ಷಿಣದ ಪಾಲೂ ಇದೆ. ದತ್ತೂರಿಯ ಬೇರನ್ನು ಚಿಲುಮೆಯಲ್ಲಿ ಸೇದಿ ದಮ್ಮು ಇಳಿಸಿಕೊಳ್ಳುವುದನ್ನು ಮದರಾಸಿನಲ್ಲಿ ಕಲಿತ ಜನರಲ್ ಜೆಂಟ್ ಎಂಬ ಸೇನಾಧಿಕಾರಿ 1802ರಲ್ಲಿ ಅದನ್ನು ಬ್ರಿಟನ್ನಿಗೆ ಒಯ್ದ. ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ಯುರೋಪಿನ ಔಷಧದಂಗಡಿಗಳಲ್ಲಿ ದತ್ತೂರಿ ಜಾತಿಯ ಎಲೆಯ ‘ಅಸ್ತಮಾ ಸಿಗರೇಟು’ ಮಾರಾಟವಾಯಿತು. ದತ್ತೂರಿ ವಿಷ, ಮನೆಯಲ್ಲಿ ಮಾಡಿನೋಡುವ ಬಾಬತ್ತಲ್ಲ. ಅದರಲ್ಲಿನ ಅಟ್ರೋಪಿನ್‌ನಿಂದ ರೂಪಿಸಿದ ಇಪ್ರಟ್ರೋಪಿಯಂ ಎಂಬ ಮದ್ದನ್ನು ಇಂದಿಗೂ ವೈದ್ಯರು ಬಳಸುತ್ತಾರೆ.

1955ರಲ್ಲಿ ಅಮೆರಿಕದ ಔಷಧ ಕಂಪನಿಯ ಮುಖ್ಯಸ್ಥರೊಬ್ಬರನ್ನು ಅವರ 13 ವರ್ಷದ ಮಗಳು, ತನ್ನ ಅಸ್ತಮಾದ ಮದ್ದು ಕೂದಲಿಗೆ ಹೊಡೆಯುವ ಸ್ಪ್ರೇಯಂತೆ ಏಕೆ ಬರಬಾರದು ಎಂದು ಕೇಳಿದಳಂತೆ. ಮರುವರ್ಷವೇ ಅಳತೆಯ ಪಂಪು ಮಾರುಕಟ್ಟೆಗೆ ಬಂತು. ಅದು ಸ್ನಾಯು ಸಡಿಲಿಸುವ ಮದ್ದು. ಒಳಗಿನ ಬಾವು ತಗ್ಗಿಸುವ ಸ್ಟೆರಾಯ್ಡ್ ಪಂಪು ಬಂದದ್ದು 1972ರಲ್ಲಿ. ಸಾವು ತಡೆದದ್ದರಲ್ಲಿ ಈ ಎರಡನೆಯದರ ಪಾತ್ರ ದೊಡ್ಡದು.

ಮಿರಗದ ಸಾಲಿನಲ್ಲಿ ನಿಂತವರನ್ನು ನಗೆಯಾಡುವುದು ಸರಿಯಲ್ಲ. ದಮ್ಮು ತಾನೇ ಏರಿ ತಾನೇ ಇಳಿಯುವ ಬೇನೆ. ಇಳಿಯುವ ಮುನ್ನ ಏನೇ ತಿಂದಿದ್ದರೂ ಗುಣ ಅದರ ಖಾತೆಗೆ ಜಮೆಯಾಗುತ್ತದೆ. ಆದರೆ ಒಂದು ದಿನದ ಮದ್ದಿನಿಂದ ಅದು ಬೇರುಸಹಿತ ಹೋಗುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ಅಪಾಯವಿರುವುದು ಆ ಭರವಸೆಯಲ್ಲಿ ಪಂಪು ಬಿಟ್ಟಾಗ. ‘ಪಂಪು ಹಚ್ಚಿಕೊಂಡರೆ ಚಟವಾಗುತ್ತದೆ’ ಎಂಬ ಹೆದರಿಕೆ ಹಳ್ಳಿಗಳಲ್ಲಿ ಬಹಳ. ಗುಳಿಗೆಯ ಸ್ಟೆರಾಯ್ಡನ್ನು ಮಿಲಿಗ್ರಾಂ ಲೆಕ್ಕದಲ್ಲಿ ಕೊಟ್ಟರೆ, ಪಂಪಿನದನ್ನು ಮೈಕ್ರೋಗ್ರಾಂನಲ್ಲಿ ಅಳೆಯುತ್ತಾರೆ. ಅಂದರೆ ಮಿಲಿಗ್ರಾಂನ ಸಾವಿರದ ಒಂದು ಪಾಲಿನ ಲೆಕ್ಕ. ಅದೂ ಬಹುಪಾಲು ಬೇನೆಯಿದ್ದ ಜಾಗಕ್ಕಷ್ಟೇ.