ಉದ್ಯೋಗಸ್ಥಳದ ಅಸಮಾನತೆ ಮತ್ತು ನಾಯಕತ್ವದ ಮಾನ್ಯತೆ

ಒಬ್ಬರ ಆದೇಶವನ್ನು ಉಳಿದವರು ಬರೀ ಹೆದರಿಕೆಗೆ ಪಾಲಿಸದೆ, ಆದೇಶಿಸುವ ಹಕ್ಕು ಅವರಿಗಿದೆ ಎಂದು ಒಪ್ಪಿ ನಡೆದಾಗ ಆ ಅಧಿಕಾರಕ್ಕೆ ಮಾನ್ಯತೆ ದೊರೆತಂತೆ. ಇದರ ಮೂಲಗಳನ್ನು ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಸಂಪ್ರದಾಯ, ವ್ಯಕ್ತಿಪ್ರಭಾವ, ಕಾನೂನು ಎಂದು ವಿಂಗಡಿಸಿದ. ಆಧುನಿಕ ಕಚೇರಿ ಮೂರನೆಯದನ್ನು ನಂಬಿ ನಡೆಯುತ್ತದೆ: ಕುರ್ಚಿಯಲ್ಲಿ ಯಾರೇ ಕೂರಲಿ, ಮಾತು ನಡೆಯಬೇಕು. ಅಮೆರಿಕದ ಸಂಸ್ಥೆಗಳಲ್ಲಿ ಹಾಗಾಗಿಲ್ಲ. ಮುಖ್ಯಸ್ಥನೆಂದರೆ ಬಿಳಿಯ ಗಂಡಸು ಎಂಬ ರೂಢಿ ಬೇರೂರಿದ ಕಡೆ ನೇಮಕಾತಿ ಪತ್ರದಿಂದ ಹುದ್ದೆ ಸಿಗುತ್ತದೆ, ಒಪ್ಪಿಗೆ ಸಿಗುವುದಿಲ್ಲ.

ಕೆಲಸ ಮಾಡಿ ತೋರಿಸಿದರೆ ಒಪ್ಪಿಗೆ ತಾನಾಗಿ ಬರುತ್ತದೆ ಎಂಬ ವಾದವುಂಟು. ಆನ್ ಹಾಪ್ಕಿನ್ಸ್ ಪ್ರಕರಣ ಅದನ್ನು ಅಲುಗಾಡಿಸುತ್ತದೆ. 1982ರಲ್ಲಿ ಪ್ರೈಸ್ ವಾಟರ್‌ಹೌಸ್ ಲೆಕ್ಕಪರಿಶೋಧನಾ ಸಂಸ್ಥೆಯ ಪಾಲುದಾರಿಕೆಗೆ ಹೆಸರು ಸೂಚಿತವಾದ 88 ಮಂದಿಯಲ್ಲಿ ಆಕೆಯೊಬ್ಬಳೇ ಹೆಂಗಸು. ಆಗಿನ 662 ಪಾಲುದಾರರಲ್ಲಿ ಹೆಂಗಸರು 7. ವಿದೇಶಾಂಗ ಇಲಾಖೆಯ 2.5 ಕೋಟಿ ಡಾಲರ್ ಗುತ್ತಿಗೆ ತರುವಲ್ಲಿ ದುಡಿದಿದ್ದರೂ ನಿರ್ಧಾರ ಮುಂದೂಡಲ್ಪಟ್ಟಿತು. ನಡೆ, ನುಡಿ, ಉಡುಪಿನಲ್ಲಿ ಹೆಣ್ಣುತನವಿರಲಿ, ಪ್ರಸಾಧನ ಮಾಡಿಕೊಳ್ಳಲಿ, ಒಡವೆ ತೊಡಲಿ ಎಂಬ ಸಲಹೆ ಬಂತು. ಗಡಸು ಸ್ವಭಾವ ಗಂಡಸಿನಲ್ಲಿ ನಾಯಕಗುಣ, ಹೆಂಗಸಿನಲ್ಲಿ ದೋಷ ಎನ್ನುವಾಗ ದುಡಿಮೆಯ ಲೆಕ್ಕಕ್ಕೆ ಬೆಲೆಯೆಲ್ಲಿ? ಇಂಥ ಪಡಿಯಚ್ಚಿನ ಅಳತೆಯೂ ಲಿಂಗತಾರತಮ್ಯಕ್ಕೆ ಸಾಕ್ಷ್ಯವಾಗಬಲ್ಲದೆಂದು ಅಮೆರಿಕದ ಸುಪ್ರೀಂ ಕೋರ್ಟು 1989ರಲ್ಲಿ ಒಪ್ಪಿತು. ಬಣ್ಣದ ವಿಷಯದಲ್ಲೂ ಹೀಗೆಯೇ. ಸಂಶೋಧಕಿ ಆಶ್ಲೀ ರೋಸೆಟ್ ಮತ್ತು ಸಂಗಡಿಗರ 2008ರ ಪ್ರಯೋಗಗಳಲ್ಲಿ, ಸಂಸ್ಥೆಯ ಯಶಸ್ಸಿಗೆ ನಾಯಕರೇ ಕಾರಣರೆಂದು ಹೇಳಿದಾಗ ಬಿಳಿಯ ನಾಯಕರಿಗೆ ಹೆಚ್ಚು ಸಾಮರ್ಥ್ಯವಿದೆಯೆಂದು ಜನ ಎಣಿಸಿದರು.

ನಿಯಮದ ಬಲದಿಂದ ಮೇಲೆ ಬಂದವರನ್ನು ಯಾರೂ ಮನಸಾರೆ ಒಪ್ಪುವುದಿಲ್ಲ ಎಂಬುದು ಇನ್ನೊಂದು ಆಕ್ಷೇಪ. ಮೊದಲ ಸಲಕ್ಕೆ ಇದರಲ್ಲಿ ಹುರುಳಿದೆ. ಆದರೆ ಪಶ್ಚಿಮ ಬಂಗಾಳದ ಪಂಚಾಯಿತಿಗಳ ಮಹಿಳಾ ಮೀಸಲಾತಿಯನ್ನು ಕುರಿತು ಅರ್ಥಶಾಸ್ತ್ರಜ್ಞೆ ಎಸ್ತರ್ ಡುಫ್ಲೊ ಮತ್ತಿತರರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳುತ್ತದೆ. ಎರಡು ಅವಧಿ ಅಧ್ಯಕ್ಷ ಸ್ಥಾನ ಹೆಂಗಸರಿಗೆ ಮೀಸಲಾಗಿದ್ದ ಕಡೆ ಮುಂದೆ ಮೀಸಲಿಲ್ಲದ ಸ್ಥಾನಗಳಿಗೂ ಹೆಚ್ಚು ಹೆಂಗಸರು ನಿಂತು ಗೆದ್ದರು. ಗಂಡಾಳಿಕೆಯೇ ಮೇಲೆಂಬ ಗಂಡಸರ ಒಲವು ಹೋಗಲಿಲ್ಲ, ಹೆಂಗಸರಿಗೆ ಆಡಳಿತ ತಿಳಿಯದೆಂಬ ಅನುಮಾನ ಮಾತ್ರ ಇಳಿಯಿತು. ಕೆಲಸ ನಡೆಯಲು ಅಷ್ಟು ಸಾಕು. ಹಳ್ಳಿಯ ಪಂಚಾಯಿತಿ ಬೇರೆ, ಕಂಪನಿ ಬೇರೆ, ನಿಜ. ಆದರೂ ಒಪ್ಪಿಗೆ ಹುಟ್ಟುವುದು ಒಬ್ಬರ ಅಪರೂಪದ ಗೆಲುವಿನಿಂದಲ್ಲ, ನಿಯಮದ ಆಸರೆಯಲ್ಲಿ ಅಂಥವರು ಮತ್ತೆ ಮತ್ತೆ ಅಧಿಕಾರಕ್ಕೆ ಬರುವುದರಿಂದ. ಒಂಟಿ ಗೆಲುವು ಎಷ್ಟು ದೂರ ಸಾಗುತ್ತದೆಂಬುದಕ್ಕೆ ಅಮೆರಿಕದಲ್ಲೇ ಉದಾಹರಣೆಯಿದೆ: 2009ರಲ್ಲಿ ಜೆರಾಕ್ಸ್ ಮುಖ್ಯಸ್ಥೆಯಾದ ಅರ್ಸುಲಾ ಬರ್ನ್ಸ್, ಅಲ್ಲಿನ ದೊಡ್ಡ ಕಂಪನಿಗಳ ಫಾರ್ಚೂನ್ 500 ಪಟ್ಟಿಯ ಕಂಪನಿಯೊಂದರ ಚುಕ್ಕಾಣಿ ಹಿಡಿದ ಮೊದಲ ಕಪ್ಪು ಮಹಿಳೆ. 2016ರ ಕೊನೆಗೆ ಆಕೆ ಇಳಿದ ಮೇಲೆ, ಹಂಗಾಮಿ ನೇಮಕ ಬಿಟ್ಟರೆ, ಆ ಪಟ್ಟಿಯಲ್ಲಿ ಮತ್ತೊಬ್ಬ ಕಪ್ಪು ಮಹಿಳೆ ಮುಖ್ಯಸ್ಥೆಯಾದದ್ದು 2021ರಲ್ಲಿ.